ಬೈಕ್ ಸವಾರಿಯಲ್ಲಿ ಫೋನ್, ಇಂಟರ್‌ಕಾಮ್, ಕ್ಯಾಮೆರಾ: ಗಮನ ತಪ್ಪದಂತೆ ಬಳಸುವ ಬಗೆ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಬೈಕ್ ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ದೂರ ಕ್ರಮಿಸುತ್ತದೆ. ಹ್ಯಾಂಡಲ್ ಮೇಲಿರುವ ಫೋನಿಗೆ ಬಂದ ಸಂದೇಶ ಯಾರದೆಂದು ತಿಳಿಯಲು ಎರಡು ಸೆಕೆಂಡು ಕಣ್ಣು ಹಾಯಿಸಿದರೆ, ಅಷ್ಟರಲ್ಲಿ 33 ಮೀಟರ್ ರಸ್ತೆ ನೋಡದೆಯೇ ದಾಟಿ ಹೋಗಿರುತ್ತದೆ. 80 ಕಿಲೋಮೀಟರ್ ವೇಗದಲ್ಲಾದರೆ 44 ಮೀಟರ್. ಕಾರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ, ನಿಜ. ಆದರೆ ಕಾರು ತನ್ನಷ್ಟಕ್ಕೆ ತಾನೇ ನಿಂತಿರಬಲ್ಲ ವಾಹನ. ಒಂದು ಹಿಡಿ ಮರಳು, ಚೆಲ್ಲಿದ ಡೀಸೆಲ್, ರಸ್ತೆಯುದ್ದಕ್ಕೂ ಬಾಯ್ದೆರೆದಿರುವ ಬಿರುಕು ಇವು ಕಾರಿಗೆ ಲೆಕ್ಕಕ್ಕಿಲ್ಲದ ಸಂಗತಿಗಳು; ಬೈಕನ್ನು ಕೆಡವಲು ಇವುಗಳಲ್ಲಿ ಒಂದಾದರೂ ಸಾಕು. ಇವನ್ನು ದೂರದಿಂದಲೇ ಗುರುತಿಸಿ ಬದಿಗೆ ಸರಿಯುವುದು ಸವಾರಿಯ ಅರ್ಧ ಕೆಲಸ.

ಹಾಗೆಂದು ಎಲ್ಲ ಸಾಧನಗಳನ್ನೂ ಮನೆಯಲ್ಲಿಟ್ಟು ಹೊರಡಿ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಪರಿಚಯವಿಲ್ಲದ ಊರಿನಲ್ಲಿ ಫಲಕಗಳನ್ನು ಹುಡುಕುತ್ತ ಅತ್ತಿತ್ತ ಕತ್ತು ತಿರುಗಿಸುವ ಸವಾರರಿಗಿಂತ, ಮುಂದಿನ ತಿರುವನ್ನು ಕಿವಿಯಲ್ಲಿ ಕೇಳಿಸಿಕೊಂಡು ರಸ್ತೆಯನ್ನೇ ನೋಡುತ್ತ ಸಾಗುವವರು ಎಷ್ಟೋ ಸುರಕ್ಷಿತರು. ಸಾಧನ ಹಾದಿ ತಪ್ಪಿಸುವುದು ಅದು ಉತ್ತರ ಕೇಳಲು ಆರಂಭಿಸಿದಾಗ: ಕರೆಯನ್ನು ಸ್ವೀಕರಿಸಬೇಕೇ ಬೇಡವೇ, ಹೊಸ ಮಾರ್ಗ ಒಪ್ಪಿಗೆಯೇ, ಈ ಹಾಡು ಬೇಡವೇ. ಆದುದರಿಂದ ಸಾಧನಕ್ಕೆ ಸಂಬಂಧಿಸಿದ ಪ್ರತಿಯೊಂದು ನಿರ್ಧಾರವನ್ನೂ ಬೈಕ್ ನಿಂತಿರುವಾಗಲೇ ಮುಗಿಸಿಬಿಡಬೇಕು. ಚಕ್ರ ಉರುಳುತ್ತಿರುವಷ್ಟು ಹೊತ್ತು ಯಾವ ಸಾಧನವೂ ಸವಾರರಿಂದ ಏನನ್ನೂ ಕೇಳುವ ಸ್ಥಿತಿಯಲ್ಲಿರಬಾರದು. ಮುಂದಿನ ಸಲಹೆಗಳೆಲ್ಲ ಇದನ್ನು ಸಾಧಿಸುವ ದಾರಿಗಳು.

ಹ್ಯಾಂಡ್ಸ್‌ಫ್ರೀ ಎಂಬ ಸಮಾಧಾನ

ಕೈಯಲ್ಲಿ ಫೋನ್ ಹಿಡಿದು ವಾಹನ ನಡೆಸಬಾರದೆಂಬ ನಿಯಮ ಈಗ ಬಹುತೇಕ ಎಲ್ಲ ಕಡೆಯೂ ಇದೆ. ರಸ್ತೆ ಸಂಚಾರಕ್ಕೆ ಸಂಬಂಧಿಸಿದ 1968ರ ವಿಯೆನ್ನಾ ಒಪ್ಪಂದಕ್ಕೂ 2006ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಮೂಲಕ ಈ ಅಂಶ ಸೇರಿಕೊಂಡಿತು. ಈ ನಿಯಮದಿಂದಾದ ಒಂದು ಅಡ್ಡಪರಿಣಾಮವೆಂದರೆ, ಕೈ ಖಾಲಿಯಿದ್ದರೆ ಮಾತನಾಡುವುದು ಸುರಕ್ಷಿತ ಎಂಬ ಭಾವನೆ ಬೇರೂರಿದ್ದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್‌ಸ್ಟನ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಭಾವನೆಯನ್ನು ಅಲುಗಾಡಿಸಿತು. ಚಾಲನೆಯನ್ನು ಹೋಲುವ ಕೆಲಸವೊಂದನ್ನು ಮಾಡುತ್ತ ಫೋನಿನಲ್ಲಿ ಸಂಭಾಷಿಸುತ್ತಿದ್ದವರು, ಸಂಭಾಷಿಸದೆ ಇದ್ದಾಗಿನದಕ್ಕಿಂತ ಎರಡು ಪಟ್ಟು ಹೆಚ್ಚು ಸಿಗ್ನಲ್‌ಗಳನ್ನು ಗಮನಿಸದೆ ಬಿಟ್ಟರು. ಫೋನನ್ನು ಕೈಯಲ್ಲಿ ಹಿಡಿದಿದ್ದರೂ ಹಿಡಿಯದಿದ್ದರೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸುಮ್ಮನೆ ರೇಡಿಯೋ ಕೇಳುತ್ತಿದ್ದವರಲ್ಲಿ ಇಂಥ ಕುಸಿತ ಕಂಡುಬರಲಿಲ್ಲ ಎಂಬುದು ಇಲ್ಲಿ ಮುಖ್ಯ. ಕೇಳುವುದಕ್ಕೂ ಉತ್ತರಿಸುವುದಕ್ಕೂ ಇರುವ ಅಂತರ ಇದು.

ಸಂಭಾಷಣೆ ಮುಗಿದ ಕ್ಷಣಕ್ಕೇ ಮನಸ್ಸು ರಸ್ತೆಗೆ ಹಿಂದಿರುಗುವುದೂ ಇಲ್ಲ. ರಸ್ತೆ ಸುರಕ್ಷತೆಯ ಬಗ್ಗೆ ಸಂಶೋಧನೆ ನಡೆಸುವ ಅಮೆರಿಕದ ಎಎಎ ಪ್ರತಿಷ್ಠಾನ 2015ರಲ್ಲಿ ಕಾರುಗಳ ಮತ್ತು ಫೋನ್‌ಗಳ ಧ್ವನಿ ಆದೇಶ ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ, ಕೆಲವು ವ್ಯವಸ್ಥೆಗಳಲ್ಲಿ ಆದೇಶ ಕೊಟ್ಟು ಮುಗಿಸಿದ ನಂತರವೂ 27 ಸೆಕೆಂಡುಗಳವರೆಗೆ ಚಾಲಕರ ಗಮನ ಪೂರ್ತಿಯಾಗಿ ಮರಳಿರಲಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 27 ಸೆಕೆಂಡು ಎಂದರೆ 450 ಮೀಟರ್.

ಫೋನನ್ನು ಕೆನ್ನೆಗೂ ಹೆಲ್ಮೆಟ್ಟಿಗೂ ನಡುವೆ ತೂರಿಸಿಕೊಂಡು ಮಾತನಾಡುತ್ತ ಹೋಗುವ ಸವಾರರನ್ನು ಎಲ್ಲರೂ ನೋಡಿರುತ್ತಾರೆ. ಅವರ ಲೆಕ್ಕದಲ್ಲಿ ಅದೂ ಹ್ಯಾಂಡ್ಸ್‌ಫ್ರೀಯೇ. ಫೋನ್ ಜಾರದಿರಲೆಂದು ಅವರು ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ ಬಿಗಿಹಿಡಿದಿರುತ್ತಾರೆ. ಆ ಬದಿಯ ಕನ್ನಡಿ ನೋಡಲು ತಲೆ ತಿರುಗುವುದಿಲ್ಲ. ಹೆಲ್ಮೆಟ್ಟಿನ ಒಳಪದರ ಆ ಕೆನ್ನೆಯಿಂದ ದೂರ ಸರಿದು, ಪಟ್ಟಿಯೂ ಸಡಿಲವಾಗಿರುತ್ತದೆ. ರಸ್ತೆ ಉಬ್ಬು ಬಂದು ಫೋನ್ ಒಂದಿಷ್ಟು ಜಾರಿದರೆ ಸಾಕು, ಅದನ್ನು ಹಿಡಿಯಲು ಕೈ ತಾನಾಗಿಯೇ ಹ್ಯಾಂಡಲ್ ಬಿಟ್ಟು ಮೇಲೇಳುತ್ತದೆ. ಈ ಪದ್ಧತಿಗೆ ಸುಧಾರಣೆಯೆಂಬುದಿಲ್ಲ, ಬಿಟ್ಟುಬಿಡುವುದೊಂದೇ ದಾರಿ.

ಹೊರಡುವ ಮೊದಲಿನ ಐದು ನಿಮಿಷ

ಎಂಜಿನ್ ಆರಂಭಿಸುವ ಮೊದಲೇ ತಲುಪಬೇಕಾದ ಸ್ಥಳವನ್ನು ಮ್ಯಾಪಿನಲ್ಲಿ ಹಾಕಿ, ಮಾರ್ಗವನ್ನು ಒಮ್ಮೆ ಆರಂಭದಿಂದ ಕೊನೆಯವರೆಗೆ ಬೆರಳಿನಿಂದ ಸರಿಸುತ್ತ ನೋಡಿಕೊಳ್ಳಬೇಕು. ಪ್ರತಿ ತಿರುವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಯಾವ ಹೆದ್ದಾರಿಯಲ್ಲಿ ಎಷ್ಟು ದೂರ, ಅದನ್ನು ಬಿಡುವುದು ಯಾವ ಊರಿನ ಬಳಿ, ಗೊಂದಲದ ಕೂಡುರಸ್ತೆ ಅಥವಾ ಮೇಲ್ಸೇತುವೆ ಎಲ್ಲಿದೆ ಎಂಬಷ್ಟು ತಲೆಯಲ್ಲಿದ್ದರೆ, ದಾರಿಯಲ್ಲಿ ಪರದೆಯನ್ನು ನೋಡುವ ಹಂಬಲವೇ ಕಡಿಮೆಯಾಗುತ್ತದೆ. ಸಿಗ್ನಲ್ ಸಿಗದ ಪ್ರದೇಶವನ್ನು ಹಾದು ಹೋಗುವುದಾದರೆ ಆ ಭಾಗದ ಮ್ಯಾಪನ್ನು ಮುಂಚಿತವಾಗಿ ಫೋನಿಗೆ ಇಳಿಸಿಕೊಳ್ಳಬೇಕು. ನಡುದಾರಿಯಲ್ಲಿ ಮ್ಯಾಪ್ ಖಾಲಿಯಾದರೆ ಸವಾರರು ಮಾಡುವ ಮೊದಲ ಕೆಲಸವೆಂದರೆ ಓಡುತ್ತಲೇ ಪರದೆಯನ್ನು ಬೆರಳಿನಿಂದ ಕುಟ್ಟುವುದು.

ಅನಂತರ ಅಧಿಸೂಚನೆಗಳು. ಈಗಿನ ಬಹುತೇಕ ಫೋನ್‌ಗಳಲ್ಲಿ ವಾಹನ ಚಾಲನೆಗೆಂದೇ ಇರುವ ಮೋಡ್ ಇದೆ. ಐಫೋನಿನಲ್ಲಿ ಇದು 2017ರಿಂದ ಲಭ್ಯವಿದೆ, ಆಂಡ್ರಾಯ್ಡ್ ಫೋನ್‌ಗಳಲ್ಲಿ ಡ್ರೈವಿಂಗ್ ಮೋಡ್ ಅಥವಾ ಡು ನಾಟ್ ಡಿಸ್ಟರ್ಬ್ ವ್ಯವಸ್ಥೆಯ ಭಾಗವಾಗಿ ಸಿಗುತ್ತದೆ. ಬ್ಲೂಟೂತ್ ಹೆಡ್‌ಸೆಟ್ ಜೋಡಣೆಯಾದ ಕೂಡಲೇ ಇದು ತಾನಾಗಿ ಆರಂಭವಾಗುವಂತೆ ಹೊಂದಿಸಲು ಅವಕಾಶವಿದ್ದರೆ ಹಾಗೆಯೇ ಮಾಡಿ, ಏಕೆಂದರೆ ಪ್ರತಿಸಲ ಕೈಯಾರೆ ಒತ್ತಬೇಕಾದ ಯಾವ ಸುರಕ್ಷತಾ ಕ್ರಮವೂ ಬಹಳ ದಿನ ಉಳಿಯುವುದಿಲ್ಲ. ಬಂದ ಸಂದೇಶಗಳಿಗೆ ‘ಬೈಕ್ ಓಡಿಸುತ್ತಿದ್ದೇನೆ, ನಿಲ್ಲಿಸಿದ ಮೇಲೆ ಕರೆ ಮಾಡುತ್ತೇನೆ’ ಎಂಬ ಉತ್ತರ ತಾನಾಗಿ ಹೋಗುವಂತೆಯೂ ಮಾಡಬಹುದು. ಮನೆಯವರು ಚಿಂತಿಸುತ್ತಾರೆಂಬ ಕಾರಣಕ್ಕೆ ಕರೆ ಸ್ವೀಕರಿಸುವವರು, ಪ್ರಯಾಣದ ಅವಧಿಯಲ್ಲಿ ತಾವಿರುವ ಸ್ಥಳವನ್ನು ಮ್ಯಾಪ್ ಮೂಲಕ ಅವರೊಂದಿಗೆ ಹಂಚಿಕೊಂಡರೆ ‘ಎಲ್ಲಿದ್ದೀಯ’ ಎಂಬ ಕರೆಗೆ ಆಸ್ಪದವೇ ಇರುವುದಿಲ್ಲ.

ಫೋನನ್ನು ಮೌನವಾಗಿಸಿ ಕೈಗಡಿಯಾರವನ್ನು ಮರೆಯುವವರು ಬಹಳ. ಸ್ಮಾರ್ಟ್‌ವಾಚ್ ಮಣಿಕಟ್ಟಿನಲ್ಲಿ ಕಂಪಿಸಿದಾಗ ಅದನ್ನು ನೋಡದೆ ಇರುವುದು ಅಭ್ಯಾಸಬಲದಿಂದಾಗಿ ಕಷ್ಟ. ನೋಡಬೇಕೆಂದರೆ ಗ್ಲೌಸಿನ ಅಂಚನ್ನು ಸರಿಸಿ ಮಣಿಕಟ್ಟನ್ನು ತಿರುಗಿಸಬೇಕು. ಗಡಿಯಾರ ಬಲಗೈಯಲ್ಲಿದ್ದರೆ ಅದರ ಜೊತೆಗೆ ಥ್ರಾಟಲ್ ಕೂಡ ತಿರುಗುತ್ತದೆ. ಸವಾರಿಯ ಹೊತ್ತಿನಲ್ಲಿ ಅದರ ಅಧಿಸೂಚನೆಗಳನ್ನು ಪೂರ್ತಿ ನಿಲ್ಲಿಸಿ, ಅಥವಾ ಗಡಿಯಾರವನ್ನೇ ಬಿಚ್ಚಿ ಬ್ಯಾಗಿಗೆ ಹಾಕಿ.

ಹೋಲ್ಡರ್ ಹಾಕುವುದಾದರೆ

ಪರದೆ ಬೇಕೇಬೇಕೆ ಎಂಬುದನ್ನು ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ ದಿನನಿತ್ಯದ ಓಡಾಟಕ್ಕೆ ಅದರ ಅಗತ್ಯವಿಲ್ಲ, ದೂರದ ಪ್ರಯಾಣದಲ್ಲೂ ಧ್ವನಿ ಸೂಚನೆಯೊಂದೇ ಹೆಚ್ಚಿನ ಸಂದರ್ಭಗಳಲ್ಲಿ ಸಾಕಾಗುತ್ತದೆ. ಆದರೂ ಸರಕು ತಲುಪಿಸುವವರಂತೆ ದಿನಕ್ಕೆ ಹತ್ತಾರು ಹೊಸ ವಿಳಾಸ ಹುಡುಕಬೇಕಾದವರಿಗೆ ಪರದೆ ಅನಿವಾರ್ಯವಾಗಬಹುದು.

ಹೋಲ್ಡರ್ ಇರಬೇಕಾದ ಜಾಗ, ರಸ್ತೆಯನ್ನು ನೋಡುವ ದೃಷ್ಟಿರೇಖೆಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ. ಟ್ಯಾಂಕ್ ಬ್ಯಾಗಿನ ಮೇಲ್ಭಾಗದ ಪಾರದರ್ಶಕ ಜೇಬು ಅನುಕೂಲವೆನಿಸಿದರೂ, ಅದನ್ನು ನೋಡಲು ಗಲ್ಲವನ್ನು ಎದೆಗೆ ತಾಗಿಸಬೇಕಾಗುತ್ತದೆ, ಆಗ ಮುಂದಿನ ರಸ್ತೆ ಕಣ್ಣಂಚಿಗೂ ಸಿಗುವುದಿಲ್ಲ. ಹೋಲ್ಡರ್ ಬಿಗಿದ ನಂತರ ಬೈಕಿನ ಮೇಲೆ ಎಂದಿನಂತೆ ಕುಳಿತು, ಹೆಲ್ಮೆಟ್ ಮತ್ತು ಗ್ಲೌಸ್ ಧರಿಸಿಕೊಂಡೇ ಪರೀಕ್ಷಿಸಬೇಕು. ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ಪೂರ್ತಿ ತಿರುಗಿಸಿ. ಫೋನ್ ಟ್ಯಾಂಕಿಗಾಗಲಿ ವಿಂಡ್‌ಶೀಲ್ಡಿಗಾಗಲಿ ತಾಗಬಾರದು, ಚಾರ್ಜಿಂಗ್ ವೈರ್ ಎಳೆದಂತಾಗಬಾರದು, ಬ್ರೇಕ್ ಮತ್ತು ಕ್ಲಚ್ ಕೇಬಲ್‌ಗಳಿಗೆ ಸಿಕ್ಕಿಕೊಳ್ಳಬಾರದು. ವೇಗಮಾಪಕ, ಇಂಡಿಕೇಟರ್ ದೀಪ, ಆಯಿಲ್ ಎಚ್ಚರಿಕೆಯ ದೀಪ ಇವೆಲ್ಲ ಕಾಣಬೇಕು. ಕೀಲಿ ತಿರುಗಿಸಲು ಅಡ್ಡವಾಗಬಾರದು. ಫೋನನ್ನು ಒಮ್ಮೆ ಗಟ್ಟಿಯಾಗಿ ಎಳೆದು ನೋಡಿ. ಅದು ಬಂದುಬಿಟ್ಟರೆ ಮೊದಲ ಗುಂಡಿಯಲ್ಲೇ ಹಾರಿ ಬೀಳುತ್ತದೆ ಎಂದರ್ಥ. ಹೊಸ ಹೋಲ್ಡರ್‌ನ ಸ್ಕ್ರೂಗಳು ಮೊದಲ ಕೆಲವು ದಿನಗಳಲ್ಲಿ ಸಡಿಲವಾಗುವುದುಂಟು, ಆಗಾಗ ಬಿಗಿ ನೋಡಬೇಕು.

ಎಂಜಿನ್ನಿನ ಕಂಪನ ಇನ್ನೊಂದು ತೊಂದರೆ. ಫೋನಿನ ಕ್ಯಾಮೆರಾದಲ್ಲಿ ಚಿತ್ರ ಅಲುಗಾಡದಂತೆ ನೋಡಿಕೊಳ್ಳುವ ಅತಿ ಸೂಕ್ಷ್ಮವಾದ ಚಲಿಸುವ ಭಾಗಗಳಿರುತ್ತವೆ. ಹೆಚ್ಚು ಶಕ್ತಿಯ ಬೈಕ್ ಎಂಜಿನ್‌ಗಳ ಕಂಪನ ಹ್ಯಾಂಡಲ್ ಮೂಲಕ ನೇರವಾಗಿ ತಾಗಿದರೆ ಈ ಭಾಗಗಳು ಕೆಡಬಹುದೆಂದು ಆಪಲ್ ಸಂಸ್ಥೆ 2021ರಲ್ಲಿ ಬಹಿರಂಗವಾಗಿಯೇ ಎಚ್ಚರಿಸಿತು. ಕಂಪನ ಹೀರುವ ರಬ್ಬರ್ ಡ್ಯಾಂಪರ್ ಇರುವ ಹೋಲ್ಡರ್ ಇದನ್ನು ಕಡಿಮೆ ಮಾಡುತ್ತದೆ. ಹಳೆಯ ಫೋನೊಂದಿದ್ದರೆ ಅದನ್ನು ಮ್ಯಾಪಿಗಷ್ಟೇ ಮೀಸಲಿಡುವುದು ಇನ್ನೂ ಉತ್ತಮ: ಸಂದೇಶ ಮತ್ತು ಸಾಮಾಜಿಕ ಜಾಲತಾಣಗಳ ಯಾವ ಆ್ಯಪನ್ನೂ ಅದರಲ್ಲಿ ಇಡದಿದ್ದರೆ, ಗಮನ ಸೆಳೆಯಲು ಅದರ ಬಳಿ ಏನೂ ಉಳಿಯುವುದಿಲ್ಲ.

ಬಿಸಿಲಿನಲ್ಲಿ ಬೆಳಕನ್ನು ಗರಿಷ್ಠ ಮಟ್ಟಕ್ಕೆ ಏರಿಸಿ, ಮ್ಯಾಪ್ ಓಡಿಸುತ್ತ, ಚಾರ್ಜ್ ಕೂಡ ಮಾಡಿದರೆ ಫೋನ್ ಕಾದು, ಪರದೆ ಮಂಕಾಗುತ್ತದೆ ಅಥವಾ ಫೋನೇ ಆರಿಹೋಗುತ್ತದೆ. ಐಫೋನಿನ ಬಳಕೆಗೆ ಸೂಚಿಸಲಾಗಿರುವ ಸುತ್ತಲಿನ ಉಷ್ಣತೆಯ ಮಿತಿ 35 ಡಿಗ್ರಿ ಸೆಲ್ಸಿಯಸ್. ನೇರ ಬಿಸಿಲಿನಲ್ಲಿ ಇದನ್ನು ದಾಟುವುದು ಸುಲಭ. ಬ್ಯಾಟರಿಯಿಂದ ಯುಎಸ್‌ಬಿ ಚಾರ್ಜರಿಗೆ ಹೋಗುವ ವೈರಿನಲ್ಲಿ, ಬ್ಯಾಟರಿಗೆ ಹತ್ತಿರವೇ ಫ್ಯೂಸ್ ಇರಬೇಕು, ಕೀಲಿ ತೆಗೆದಾಗ ವಿದ್ಯುತ್ ನಿಲ್ಲುವಂತೆಯೂ ಜೋಡಿಸಿರಬೇಕು. ಪೋಲರೈಸ್ಡ್ ತಂಪು ಕನ್ನಡಕ ಧರಿಸುವವರು ಇನ್ನೊಂದನ್ನು ಗಮನಿಸಬೇಕು: ಅದರ ಮೂಲಕ ನೋಡಿದಾಗ ಕೆಲವು ಪರದೆಗಳು, ಬೈಕಿನದೇ ಡಿಜಿಟಲ್ ಮೀಟರ್ ಕೂಡ, ಕೆಲವು ಕೋನಗಳಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ. ಇದನ್ನು ರಸ್ತೆಯಲ್ಲಿ ಕಂಡುಕೊಳ್ಳುವುದಕ್ಕಿಂತ ನಿಂತಲ್ಲೇ ತಿಳಿದುಕೊಳ್ಳುವುದು ಲೇಸು. ರಾತ್ರಿ ಇದಕ್ಕೆ ವಿರುದ್ಧವಾದ ಕಷ್ಟ ಎದುರಾಗುತ್ತದೆ. ಬೆಳ್ಳನೆ ಹೊಳೆಯುವ ಪರದೆಯನ್ನು ನೋಡಿದ ಕಣ್ಣು ಕತ್ತಲ ರಸ್ತೆಗೆ ಮತ್ತೆ ಹೊಂದಿಕೊಳ್ಳಲು ಸಮಯ ಹಿಡಿಯುವುದರಿಂದ ಮ್ಯಾಪನ್ನು ಕಪ್ಪು ಹಿನ್ನೆಲೆಗೆ ಬದಲಿಸಿ, ಬೆಳಕನ್ನು ಓದಲು ಸಾಕಾಗುವಷ್ಟಕ್ಕೆ ಇಳಿಸಬೇಕು.

ಕಿವಿಗೆ ಏನು ಬಿಡಬೇಕು

ಗಂಟೆಗೆ 100 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ಎಂಟು ಗಂಟೆಗಳ ಕೆಲಸದ ಅವಧಿಗೆ 85 ಡೆಸಿಬೆಲ್ ಮೀರಬಾರದೆಂದು ವೃತ್ತಿ ಆರೋಗ್ಯ ತಜ್ಞರು ಹೇಳುವುದನ್ನು ನೆನೆದರೆ, ಸವಾರರ ಕಿವಿ ಹಾಡಿಲ್ಲದೆಯೇ ಸಾಕಷ್ಟು ಹೊರೆ ಹೊತ್ತಿರುತ್ತದೆ. ಆ ಸದ್ದಿನ ಮೇಲೆ ಹಾಡು ಕೇಳಿಸಬೇಕೆಂದು ವಾಲ್ಯೂಮ್ ಏರಿಸುತ್ತ ಹೋದರೆ ಹಾರ್ನ್, ಆಂಬುಲೆನ್ಸಿನ ಸೈರನ್, ಪಕ್ಕದಲ್ಲಿ ಬರುತ್ತಿರುವ ಲಾರಿಯ ಗಡಗಡ ಇವು ಮುಳುಗಿಹೋಗುತ್ತವೆ. ವಿಚಿತ್ರವೆನಿಸಬಹುದು, ಆದರೆ ದೂರದ ಪ್ರಯಾಣದಲ್ಲಿ ಮೃದುವಾದ ಫೋಮ್ ಇಯರ್‌ಪ್ಲಗ್ ಹಾಕಿಕೊಂಡು ಹೆಲ್ಮೆಟ್ಟಿನ ಸ್ಪೀಕರ್ ಮೂಲಕ ಕೇಳಿದರೆ ಗಾಳಿಯ ಭೋರ್ಗರೆತ ತಗ್ಗಿ ಮಾತು ಹೆಚ್ಚು ಸ್ಪಷ್ಟವಾಗುತ್ತದೆ. ಪ್ಲಗ್ ಧರಿಸುವುದಕ್ಕೆ ಸ್ಥಳೀಯ ಕಾನೂನಿನ ಅನುಮತಿ ಇದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಕಾನೂನುಗಳು ಈ ವಿಷಯದಲ್ಲಿ ಒಂದೇ ತೆರನಾಗಿಲ್ಲ. ಫ್ರಾನ್ಸಿನಲ್ಲಿ 2015ರ ಜುಲೈ 1ರಿಂದ ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಸವಾರರಿಗೆ ನಿಷಿದ್ಧವಾಗಿದ್ದು, ಹೆಲ್ಮೆಟ್ಟಿಗೇ ಅಳವಡಿಸಿದ ಸ್ಪೀಕರ್‌ಗಳಿಗೆ ಅವಕಾಶವಿದೆ. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಿವಿಗಳಿಗೆ ಇಯರ್‌ಫೋನ್ ಹಾಕುವಂತಿಲ್ಲ. ಕಾನೂನು ಏನೇ ಇರಲಿ, ಇಯರ್‌ಬಡ್‌ಗಳಿಗಿಂತ ಹೆಲ್ಮೆಟ್ ಸ್ಪೀಕರ್ ಮೇಲು. ಹೆಲ್ಮೆಟ್ ಹಾಕಿಕೊಳ್ಳುವಾಗ ಬಡ್ ಜರುಗಿ ಕಿವಿಯನ್ನು ಒತ್ತಲಾರಂಭಿಸಿದರೆ, ಓಡುವ ಬೈಕಿನಲ್ಲಿ ಅದನ್ನು ಸರಿಪಡಿಸಲು ಬೆರಳು ತೂರಿಸುವುದು ತಪ್ಪಿದ್ದಲ್ಲ.

ಸವಾರರು ತಮ್ಮತಮ್ಮಲ್ಲಿ ಮಾತನಾಡಲು ಹೆಲ್ಮೆಟ್ಟಿಗೆ ಅಳವಡಿಸುವ ಇಂಟರ್‌ಕಾಮ್ ಕೊಳ್ಳುವಾಗ ಎಷ್ಟು ದೂರ ಕೇಳಿಸುತ್ತದೆ ಎಂಬುದಕ್ಕಿಂತ ಅದರ ಗುಂಡಿಗಳನ್ನು ಗಮನಿಸಿ. ದಪ್ಪ ಗ್ಲೌಸ್ ಧರಿಸಿ, ಕಣ್ಣು ಮುಚ್ಚಿಕೊಂಡು, ಬೆರಳಿನ ಸ್ಪರ್ಶದಿಂದಲೇ ವಾಲ್ಯೂಮ್ ಯಾವುದು, ಕರೆ ಯಾವುದು ಎಂದು ಗುರುತಿಸಲು ಸಾಧ್ಯವಾಗಬೇಕು. ಮೂರು ಬಾರಿ ಒತ್ತಿದರೆ ಒಂದು ಕೆಲಸ, ಉದ್ದಕ್ಕೆ ಒತ್ತಿ ಹಿಡಿದರೆ ಇನ್ನೊಂದು ಎಂಬಂಥ ಸಾಧನಗಳು ಅಂಗಡಿಯ ಕೌಂಟರಿನಲ್ಲಿ ಬುದ್ಧಿವಂತಿಕೆಯೆನಿಸುತ್ತವೆ, ತಿರುವಿನಲ್ಲಿ ತಲೆನೋವಾಗುತ್ತವೆ. ಸ್ಪೀಕರನ್ನು ಒಳಪದರದ ಕಿವಿಯ ಗುಳಿಯಲ್ಲಿ ಸರಿಯಾಗಿ ಕೂರಿಸಬೇಕು. ಅದಕ್ಕಾಗಿ ಹೆಲ್ಮೆಟ್ಟಿನ ಚಿಪ್ಪಿಗೆ ತೂತು ಕೊರೆಯುವುದು, ಒಳಗಿನ ಥರ್ಮೋಕೋಲಿನಂಥ ಪದರವನ್ನು ಕತ್ತರಿಸುವುದು ಸಲ್ಲದು, ಪೆಟ್ಟನ್ನು ಹೀರುವುದು ಆ ಪದರವೇ.

ಗುಂಪಿನಲ್ಲಿ ಹೋಗುವಾಗ ಇಂಟರ್‌ಕಾಮ್ ಹರಟೆಯ ಕಟ್ಟೆಯಾಗಿಬಿಡುತ್ತದೆ. ಮುಂದಿನ ಸವಾರರು ‘ಎಡಕ್ಕೆ ಗುಂಡಿ’, ‘ಎದುರಿನಿಂದ ಬಸ್ಸು’, ‘ಮುಂದಿನ ಬಂಕಿನಲ್ಲಿ ನಿಲುಗಡೆ’ ಎಂಬಷ್ಟನ್ನೇ ಹೇಳಬೇಕು, ಉತ್ತರ ಬೇಕಾದ ಪ್ರಶ್ನೆಗಳು ನಿಲುಗಡೆಗೆ ಕಾಯಬೇಕು ಎಂದು ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಲಿ. ಹಿಂಬದಿ ಸವಾರರಿದ್ದರೆ ಫೋನನ್ನು ಅವರ ಕೈಗೆ ಕೊಟ್ಟು ದಾರಿ ನೋಡುವ ಹೊಣೆಯನ್ನೂ ಒಪ್ಪಿಸಬಹುದು.

ಕ್ಯಾಮೆರಾ

ಹೇಳಬೇಕಾದದ್ದು ಸ್ವಲ್ಪವೇ. ಹೊರಡುವ ಮೊದಲು ಚಿತ್ರೀಕರಣ ಆರಂಭಿಸಿ, ನಿಂತ ಮೇಲೆ ನಿಲ್ಲಿಸಿ. ನಡುವೆ ಅದರ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡಲು ಹೋಗಬೇಡಿ. ಹೆಲ್ಮೆಟ್ಟಿನ ನೆತ್ತಿಯ ಮೇಲೆ ಅಂಟಿಸಿದ ಕ್ಯಾಮೆರಾ ಗಾಳಿಗೆ ಸಿಕ್ಕಿ ಕತ್ತನ್ನು ಎಳೆಯುತ್ತದೆ, ಬಿದ್ದಾಗ ಎಲ್ಲಿಗಾದರೂ ಸಿಕ್ಕಿಕೊಳ್ಳಲೂಬಹುದು. ಬೈಕಿನ ಚೌಕಟ್ಟಿಗೆ ಬಿಗಿಯುವುದು ಒಳ್ಳೆಯದು. ಕ್ಯಾಮೆರಾ ಇದೆಯೆಂಬ ಅರಿವೇ ಸವಾರಿಯ ರೀತಿಯನ್ನು ಬದಲಿಸುವುದುಂಟು, ನೋಡುಗರಿಗಾಗಿ ಓಡಿಸತೊಡಗಿದ್ದೇವೆ ಎನ್ನಿಸಿದ ದಿನ ಅದನ್ನು ಬಿಚ್ಚಿಡಬೇಕು.

ರಸ್ತೆಗಿಳಿದ ಮೇಲೆ

ಅಮೆರಿಕದ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಕಾರುಗಳಲ್ಲಿನ ಪರದೆಗಳ ಕುರಿತು 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಯಾವ ಕೆಲಸವೂ ಒಂದು ನೋಟಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಬೇಡದಂತಿರಬೇಕೆಂದು ಹೇಳಲಾಗಿತ್ತು. ಬೈಕಿನಲ್ಲಿ ಇದರ ಅರ್ಧವನ್ನೇ ಮಿತಿಯೆಂದು ಇಟ್ಟುಕೊಳ್ಳುವುದು ಉಚಿತ. ಬಾಣದ ಗುರುತು ಎಡಕ್ಕೋ ಬಲಕ್ಕೋ, ಎಷ್ಟು ದೂರದಲ್ಲಿ ಎಂಬಷ್ಟು ಒಂದು ಸೆಕೆಂಡಿನಲ್ಲಿ ತಿಳಿಯದಿದ್ದರೆ ಮತ್ತೆ ನೋಡುವ ಮೊದಲು ಕಣ್ಣು ರಸ್ತೆಗೂ ಕನ್ನಡಿಗಳಿಗೂ ಹೋಗಿ ಬರಬೇಕು. ನೋಡುವುದು ನೇರವಾದ, ಖಾಲಿಯಾದ ರಸ್ತೆಯಲ್ಲಿ, ಮುಂದಿನ ವಾಹನದಿಂದ ಸಾಕಷ್ಟು ಅಂತರವಿದ್ದಾಗ ಮಾತ್ರ. ತಿರುವಿನಲ್ಲಿ, ಕೂಡುರಸ್ತೆಯಲ್ಲಿ, ಇನ್ನೊಂದು ವಾಹನವನ್ನು ಹಿಂದಿಕ್ಕುವಾಗ ನೋಡಲೇಬಾರದು. ಬೈಕ್ ಕಣ್ಣು ಹೋದತ್ತ ಹೋಗುವ ವಾಹನವಾದ್ದರಿಂದ, ಬಾಗಿರುವ ಬೈಕಿನಲ್ಲಿ ದೃಷ್ಟಿ ಕೆಳಗಿಳಿದರೆ ಹಾದಿಯೂ ಬದಲಾಗುತ್ತದೆ.

ಪರದೆ ಮುಟ್ಟುವ ಪ್ರಶ್ನೆಯೇ ಇಲ್ಲ. ಬಲಗೈ ಥ್ರಾಟಲ್ ಮತ್ತು ಮುಂದಿನ ಬ್ರೇಕಿನ ಮೇಲಿರುತ್ತದೆ. ಎಡಗೈ ಗೇರಿನ ಬೈಕಿನಲ್ಲಿ ಕ್ಲಚ್ಚಿಗೂ, ಗೇರಿಲ್ಲದ ಸ್ಕೂಟರಿನಲ್ಲಿ ಬ್ರೇಕಿಗೂ ಬೇಕು. ಬಿಡುವಾಗಿರುವ ಕೈ ಎಂಬುದೊಂದು ಈ ವಾಹನದಲ್ಲಿಲ್ಲ.

ತಿರುವು ತಪ್ಪಿತೆಂದರೆ ತಪ್ಪಿತು. ಮ್ಯಾಪ್ ಕೆಲವೇ ಸೆಕೆಂಡುಗಳಲ್ಲಿ ಬೇರೆ ದಾರಿ ಹುಡುಕಿ ಹೇಳುತ್ತದೆ, ಅದಕ್ಕಾಗಿ ಮೂರು ಸಾಲುಗಳನ್ನು ಅಡ್ಡಹಾಯ್ದು ನುಗ್ಗಬೇಕಾದದ್ದೂ ಇಲ್ಲ, ಪರದೆಯ ಜೊತೆ ಜಗಳವಾಡಬೇಕಾದದ್ದೂ ಇಲ್ಲ. ಸುರಂಗದಲ್ಲಿ, ಎತ್ತರದ ಕಟ್ಟಡಗಳ ನಡುವೆ, ಒಂದರ ಮೇಲೊಂದಿರುವ ಸೇತುವೆಗಳ ಬಳಿ ಜಿಪಿಎಸ್ ತಡವರಿಸುವುದು ಸಹಜವಾದ್ದರಿಂದ, ಅಂಥ ಕಡೆ ಧ್ವನಿಗಿಂತ ರಸ್ತೆಯ ಫಲಕವನ್ನು ನಂಬಬೇಕು.

ನಿಲ್ಲಿಸಿ ನೋಡಲೇಬೇಕಾದ ಸಂದರ್ಭ ಬಂದರೆ, ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ರಸ್ತೆಯಿಂದ ಪೂರ್ತಿ ಹೊರಗೆ ಬೈಕ್ ನಿಲ್ಲಿಸಬಹುದಾದ ಜಾಗಕ್ಕೆ ಹೋಗಿ: ಪೆಟ್ರೋಲ್ ಬಂಕ್, ಹೋಟೆಲ್ ಆವರಣ, ಪಕ್ಕದ ಒಳರಸ್ತೆ. ತಿರುವಿನ ಆಚೆಯ ಅಂಚಿನಲ್ಲೋ ಸೇತುವೆಯ ಮೇಲೋ ನಿಂತು ಫೋನ್ ತೆಗೆಯುವುದು ಓಡಿಸುತ್ತ ನೋಡುವಷ್ಟೇ ಅಪಾಯ. ಕೆಂಪು ಸಿಗ್ನಲ್ಲಿನಲ್ಲಿ ಸಿಗುವ ಬಿಡುವೂ ಬಿಡುವಲ್ಲ. ಹಿಂದಿನಿಂದ ಬರುವ ವಾಹನ ನಿಲ್ಲುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಬೇಕಾದ ಹೊತ್ತು ಅದು. ಅರ್ಧ ಟೈಪ್ ಮಾಡಿದ ವಾಕ್ಯವನ್ನು ತಲೆಯಲ್ಲಿಟ್ಟುಕೊಂಡು ಹಸಿರಿಗೆ ಹೊರಟವರ ಮನಸ್ಸು ಕೂಡುರಸ್ತೆ ದಾಟುವವರೆಗೂ ಆ ವಾಕ್ಯದಲ್ಲೇ ಇರುತ್ತದೆ.

ಫೋನ್ ಎಲ್ಲಿರಬೇಕು

ಅಪಘಾತವಾದಾಗ ಬೈಕ್ ಒಂದು ಕಡೆ, ಸವಾರರು ಒಂದು ಕಡೆ ಬೀಳುತ್ತಾರೆ. ಹೋಲ್ಡರ್‌ನಲ್ಲಿದ್ದ ಫೋನ್ ಮೂರನೆಯ ಕಡೆ ಹಾರಿರುತ್ತದೆ, ಸಹಾಯಕ್ಕೆ ಕರೆಯಬೇಕಾದಾಗ ಅದು ಕೈಗೆ ಸಿಗುವುದಿಲ್ಲ. ಒಬ್ಬರೇ ಹೋಗುವವರು, ಅದರಲ್ಲೂ ಜನಸಂಚಾರ ಕಡಿಮೆಯಿರುವ ದಾರಿ ಹಿಡಿಯುವವರು, ಮುಖ್ಯ ಫೋನನ್ನು ಮೈಮೇಲೆಯೇ ಇಟ್ಟುಕೊಂಡು ಧ್ವನಿಯಿಂದ ದಾರಿ ಕೇಳುವುದು ಸೂಕ್ತ. ಎದೆಯ ಗೂಡು, ಬೆನ್ನು, ಸೊಂಟದ ಮೂಳೆ ಇವುಗಳ ಮೇಲೆ ಬರುವ ಜೇಬು ಬೇಡ, ಬಿದ್ದಾಗ ಫೋನಿನ ಅಂಚೇ ಗಾಯ ಮಾಡೀತು. ಜಾಕೆಟ್ಟಿನ ಕೆಳಭಾಗದಲ್ಲಿ, ಹೊಟ್ಟೆಯ ಪಕ್ಕದ ಜಿಪ್ ಇರುವ ಜೇಬು ವಾಸಿ. ಲಾಕ್ ತೆರೆಯದೆಯೇ ಕಾಣುವಂತೆ ತುರ್ತು ಸಂಪರ್ಕದ ಸಂಖ್ಯೆ, ರಕ್ತದ ಗುಂಪು ಮತ್ತು ಔಷಧದ ಅಲರ್ಜಿಯ ವಿವರಗಳನ್ನು ಫೋನಿನಲ್ಲಿ ತುಂಬಿಡಬೇಕು. ಫೋನ್ ಒಡೆದುಹೋದರೂ ಕೆಲಸಕ್ಕೆ ಬರುವಂತೆ, ಅದೇ ವಿವರಗಳನ್ನು ಬರೆದ ಚೀಟಿಯೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡ್ರೈವಿಂಗ್ ಲೈಸೆನ್ಸಿನ ಜೊತೆಗೆ ಇಟ್ಟುಕೊಳ್ಳಿ.